ಸುಟ್ಟ ಟಿ.ಸಿ. ಮತ್ತು ಬಿಳಿಚಿದ ಹರಳು

ಸುಟ್ಟುಹೋದ ಟ್ರಾನ್ಸ್‌ಫಾರ್ಮರ್‌ಗಳನ್ನು, ಅಂದರೆ ಹಳ್ಳಿಯವರ ಬಾಯಲ್ಲಿ ಟಿ.ಸಿ.ಗಳನ್ನು, ಬಿಚ್ಚಿ ಪರಿಶೀಲಿಸುವ ಕೆಲಸವನ್ನು ಹಲವು ವರ್ಷ ಮಾಡಿದ ನನಗೆ, ವರದಿಯ ಕಾರಣದ ಕಾಲಂನಲ್ಲಿ ‘ಓವರ್‌ಲೋಡ್’ ಎಂಬ ಒಂದೇ ಪದ ಕಂಡರೆ ಅನುಮಾನ ಬರುತ್ತದೆ. ಬೇಸಿಗೆಯಾದರೆ ಓವರ್‌ಲೋಡ್, ಮಳೆಗಾಲವಾದರೆ ಸಿಡಿಲು ಎಂದು ಬರೆದರೆ ಕಡತ ಮುಗಿಯುತ್ತದೆ. ಅದೇ ಕಂಬಕ್ಕೆ ಏರಿಸಿದ ಹೊಸ ಟಿ.ಸಿ. ಮರುವರ್ಷ ಮತ್ತೆ ಸುಟ್ಟು ಕೆಳಗಿಳಿಯುತ್ತದೆ.

ಒಮ್ಮೆ ಪಂಪ್‌ಸೆಟ್ ಲೈನಿನಿಂದ ಇಳಿಸಿ ತಂದ 63 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ.ಯ ಜತೆಗಿದ್ದ ಚೀಟಿಯಲ್ಲೂ ಅದೇ ಪದವಿತ್ತು. ಮೂರು ಫೇಸಿನ ಮೋಟಾರುಗಳೇ ಇರುವ ಲೈನಿನಲ್ಲಿ ನಿಜಕ್ಕೂ ಹೊರೆ ಮೀರಿದ್ದರೆ, ಮೂರೂ ಕಾಯಿಲ್‌ಗಳ ತಂತಿಗೆ ಸುತ್ತಿದ ನಿರೋಧಕ ಕಾಗದ ಕಂದಿ, ಮುಟ್ಟಿದರೆ ಪುಡಿಯಾಗುವಂತಿರಬೇಕಿತ್ತು. ಮುಚ್ಚಳ ತೆಗೆದಾಗ ಎರಡು ಕಾಯಿಲ್‌ಗಳು ಹೊಸದರಂತೆಯೇ ಇದ್ದವು. ಮೂರನೆಯದರ ಮೇಲ್ತುದಿಯಲ್ಲಿ ಮಾತ್ರ ತಂತಿ ಕರಗಿ ಸಾಸಿವೆ ಕಾಳಿನಂತೆ ಗುಂಡಗಾಗಿತ್ತು. ಮುಚ್ಚಳದ ಒಳಮೈಗೆ ತುಕ್ಕು ಹಿಡಿದು, ಟ್ಯಾಂಕಿನ ತಳದಲ್ಲಿ ನೀರು ನಿಂತಿತ್ತು. ಟಿ.ಸಿ. ಗಾಳಿ ಎಳೆದುಕೊಳ್ಳುವ ಬ್ರೀದರ್‌ನಲ್ಲಿ ನೀಲಿಯಾಗಿರಬೇಕಿದ್ದ ಸಿಲಿಕಾ ಜೆಲ್ ಹರಳು ಗುಲಾಬಿಯನ್ನೂ ದಾಟಿ ಬಿಳಿಚಿಕೊಂಡಿತ್ತು, ಅದರ ಕೆಳಗಿನ ಎಣ್ಣೆ ಬಟ್ಟಲು ಒಣಗಿತ್ತು. ಕಾಯಿಲ್‌ಗಳು ಮುಳುಗಿರುವ, ಹಗಲು ಬಿಸಿಯಾಗಿ ಹಿಗ್ಗಿದ ಎಣ್ಣೆ ರಾತ್ರಿ ತಣಿದು ಕುಗ್ಗುವಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವವನ್ನು ಹೀರಬೇಕಾದ ಹರಳಿಗೇ ಕಸುವು ಉಳಿದಿರದ ಕಾರಣ ಪಸೆ ಎಣ್ಣೆಗಿಳಿದು, ಕಾಗದಕ್ಕೆ ಹತ್ತಿ, ನಿರೋಧ ಕುಂದಿ ತಂತಿ ಶಾರ್ಟ್ ಆಗಿತ್ತು. ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುವ ಒಂದು ಹಿಡಿ ಹರಳು ಅದು!

ಇದು ನಮ್ಮ ಹಳ್ಳಿಗಳ ಪಾಡು ಮಾತ್ರವಲ್ಲ. 2025ರ ಮಾರ್ಚ್ 20ರ ರಾತ್ರಿ ಲಂಡನ್ನಿನ ನಾರ್ತ್ ಹೈಡ್ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಹೊತ್ತಿ ಉರಿದು, ಮರುದಿನ ಹೀಥ್ರೂ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ತನಿಖೆ ಬೊಟ್ಟು ಮಾಡಿದ್ದು ಟ್ಯಾಂಕಿನೊಳಕ್ಕೆ ವಿದ್ಯುತ್ ಹಾಯಿಸುವ ನಿರೋಧಕ ಕವಚವಾದ ಬುಷಿಂಗ್ ಒಳಗೆ ಸೇರಿದ್ದ ತೇವದತ್ತ. 2018ರ ಜುಲೈನಲ್ಲಿ ತೆಗೆದ ಎಣ್ಣೆಯ ಮಾದರಿಯಲ್ಲೇ ನೀರಿನಂಶ ಹೆಚ್ಚಿರುವುದು ದಾಖಲಾಗಿತ್ತು, ಬುಷಿಂಗ್ ಮಾತ್ರ ಬದಲಾಗಿರಲಿಲ್ಲ. ಪರೀಕ್ಷೆ ಮಾಡಿಸಿದವರು ಇದ್ದರು, ಫಲಿತಾಂಶ ಓದಿ ಸ್ಪ್ಯಾನರ್ ಹಿಡಿದವರು ಇರಲಿಲ್ಲ.

ನಮ್ಮಲ್ಲಿಯೂ ರಿಜಿಸ್ಟರಿಗೆ ಕೊರತೆಯಿಲ್ಲ. ಹನ್ನೆರಡು ತಿಂಗಳ ‘ಎಣ್ಣೆ ಮಟ್ಟ ಸರಿಯಿದೆ’ ಎಂಬ ಷರಾ ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದದ್ದು ಎಂಬುದು ಅಕ್ಷರ ನೋಡಿದರೇ ತಿಳಿಯುತ್ತದೆ. ರಾತ್ರೋರಾತ್ರಿ ಟಿ.ಸಿ. ಬದಲಿಸಿದ ಲೈನ್‌ಮ್ಯಾನ್‌ಗೆ ಊರವರು ಹಾರ ಹಾಕುತ್ತಾರೆ, ಅದು ತಪ್ಪೂ ಅಲ್ಲ. ಮಳೆಗೆ ಮುಂಚೆ ಜೆಲ್ ಬದಲಿಸಿ ಹೋದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ, ಬದಲಿ ಟಿ.ಸಿ.ಯನ್ನು ಲಾರಿಗೆ ಏರಿಸುವ ಮುನ್ನ ಹಳೆಯದರ ಬ್ರೀದರ್, ಎಣ್ಣೆ ಮತ್ತು ಕಾಯಿಲ್‌ಗಳ ಸ್ಥಿತಿಯನ್ನು ಬರೆದ ಒಂದು ಹಾಳೆಯನ್ನು, ಆ ಕಂಬದ ಫ್ಯೂಸಿನ ಜಾಗದಲ್ಲಿ, ಅದು ಪದೇಪದೇ ಹೋಗದಿರಲೆಂದು, ಎಷ್ಟು ಎಳೆ ಅಲ್ಯೂಮಿನಿಯಂ ತಂತಿ ಸುತ್ತಲಾಗಿತ್ತೆಂಬುದನ್ನೂ ಸೇರಿಸಿ, ಆ ಸೆಕ್ಷನ್ನಿನ ಇಂಜಿನಿಯರ್ ಸಹಿಯೊಂದಿಗೆ ಕಡ್ಡಾಯ ಮಾಡಬೇಕೆಂಬುದು ನನ್ನ ಒತ್ತಾಯ.