ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ‘ಚಾಲೆಂಜ್ ವೋಟ್’ ಇಲ್ಲ

ಪಂಚಾಯಿತಿ ಚುನಾವಣೆ ಬಂದರೆ ಸಾಕು, ಹಳೆಯ ವಾಟ್ಸಾಪ್ ಸಂದೇಶವೊಂದು ಮತ್ತೆ ಓಡಾಡುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ‘49ಎ’ ಅಡಿ ‘ಚಾಲೆಂಜ್ ವೋಟ್’ ಹಾಕಬಹುದು, ಶೇ 14ಕ್ಕಿಂತ ಜಾಸ್ತಿ ‘ಟೆಂಡರ್ ವೋಟ್’ (ನಮ್ಮ ಹೆಸರಲ್ಲಿ ಬೇರೆಯವರು ಮತ ಹಾಕಿದ್ದಾಗ ನಾವು ಹಾಕುವ ಮತ) ಬಿದ್ದರೆ ಮರುಮತದಾನ ಅಂತ. ಎರಡೂ ತಪ್ಪು.

ಲೋಕಸಭೆ, ವಿಧಾನಸಭೆ ಚುನಾವಣೆಗಳ 1961ರ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಮಾಡುವುದು ಮತದಾರರಲ್ಲ. ಬಂದವರ ಗುರುತಿನ ಮೇಲೆ ಅನುಮಾನ ಬಂದರೆ ಮತಗಟ್ಟೆಯಲ್ಲಿ ಅಭ್ಯರ್ಥಿಯ ಪರ ಕೂರುವ ಪೋಲಿಂಗ್ ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ಎತ್ತುತ್ತಾರೆ, ಅಷ್ಟೇ. ಟೆಂಡರ್ ವೋಟ್ ಎಂಬುದು ಮಾತ್ರ ನಿಜಕ್ಕೂ ಇದೆ. ನಿಮ್ಮ ಹೆಸರಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ ಸುಮ್ನೆ ವಾಪಸ್ ಬರಬೇಡಿ, ಮತಗಟ್ಟೆ ಅಧಿಕಾರಿಯನ್ನು ಕೇಳಿ. ನಿಮಗೆ ಮತಪತ್ರ ಕೊಟ್ಟು, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಶೇ 14ರ ನಿಯಮ ಎಲ್ಲೂ ಇಲ್ಲ.

ಈ ಸಂದೇಶ ನಂಬಿ ಸಾಲಲ್ಲಿ ನಿಂತು, ಮತ ಹಾಕದೆ ಮನೆಗೆ ಹೋಗುವವರನ್ನು ನೆನೆದರೆ ಬೇಜಾರಾಗುತ್ತದೆ. ಪಂಚಾಯಿತಿಯಲ್ಲಿ ಒಂದೆರಡು ಮತದಿಂದ ಸೋಲು-ಗೆಲುವು ಆಗುತ್ತದೆ ಅಲ್ವಾ?

ನಮ್ಮಲ್ಲಿ ಈ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ಪಟ್ಟಿಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಹಾಗಾಗಿ ಈಗಲೇ ಹೆಸರು ನೋಡಿಕೊಳ್ಳಿ. ಇಲ್ಲದಿದ್ದರೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿ ನಿಮ್ಮ ಬೂತ್ ಮಟ್ಟದ ಅಧಿಕಾರಿಗೆ ಕೊಡಿ.