ಹೊಳಪಿಗಿಂತ ಹಳೆಯ ಡಯಲ್ ಲೇಸು

ಹಳೆಯ ಕೈಗಡಿಯಾರ ಕೊಳ್ಳುವಾಗ ನಾನು ಮೊದಲು ನೋಡುವುದು ಡಯಲ್. ಅದಕ್ಕೆ ಯಾರೂ ಹೊಸದಾಗಿ ಬಣ್ಣ ಬಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೀ ಕೊಟ್ಟು ಕಿವಿಗೆ ಹಿಡಿಯುತ್ತೇನೆ. ನಿಂತ ವಾಚನ್ನು ಓಡಿಸಬಹುದು, ಅಳಿಸಿಹೋದ ಮೂಲ ಅಕ್ಷರಗಳನ್ನು ಮರಳಿ ತರಲಾಗದು. ಟೋಕಿಯೊಗೆ ಬಂದು ನೆಲೆಸಿದ ಮೇಲೆ ರೂಢಿಯಾದ ಕ್ರಮ ಇದು.

ಇಲ್ಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ‘ಜಂಕ್’ ಎಂದು ಬರೆದ ಬುಟ್ಟಿಗಳಿರುತ್ತವೆ. ಅದರೊಳಗಿನ ಅಗ್ಗದ ವಾಚಿಗೂ ಚೀಟಿ ಕಟ್ಟಿರುತ್ತಾರೆ: ಓಡುತ್ತದೆ, ವೇಳೆ ಪರೀಕ್ಷಿಸಿಲ್ಲ, ಗಾಜಿಗೆ ಗೀರು ಬಿದ್ದಿದೆ, ಪಟ್ಟಿ ಮೂಲದ್ದಲ್ಲ. ಡಯಲ್‌ಗೆ ಮತ್ತೆ ಬಣ್ಣ ಕೊಟ್ಟಿದ್ದರೆ ಟೋಕಿಯೊದ ನಕಾನೊ ಬ್ರಾಡ್‌ವೇ ಎಂಬ ಮಳಿಗೆ ಸಂಕೀರ್ಣದ ಒಳ್ಳೆಯ ಅಂಗಡಿಯವರು ಅದನ್ನೂ ಮೊದಲೇ ಹೇಳುತ್ತಾರೆ.

ನಮ್ಮ ಎಚ್‌ಎಂಟಿಗೆ ಈ ಮರ್ಯಾದೆ ಸಿಗುತ್ತಿಲ್ಲ ಎಂಬುದೇ ನನ್ನ ಸಂಕಟ. ಕಪ್ಪು ಡಯಲ್‌ಗೆ ಹೆಸರಾದ ‘ಪೈಲಟ್’ ಕಿತ್ತಳೆ, ಗಿಳಿಹಸಿರು ಬಣ್ಣ ಬಳಿಸಿಕೊಂಡು ‘ಅಪರೂಪದ ಮಾದರಿ’ ಎಂಬ ಹೆಸರಿನಲ್ಲಿ ದೇಶ ವಿದೇಶಗಳಿಗೆ ಮಾರಾಟವಾಗುತ್ತದೆ. ಬಣ್ಣ ಬಳಿಯುವುದು ತಪ್ಪಲ್ಲ. ಬಳಿದದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹೀಗಾಗಿ ಹಾಳಾದ ಒಂದೊಂದು ಮೂಲ ಡಯಲ್ ಕೂಡ ಹೋದದ್ದೇ ಸರಿ.

1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಎಚ್‌ಎಂಟಿಯ ‘ಜನತಾ’ ಮಾದರಿಯ ಒಂದು ವಾಚಿನ ಹಿಂಬದಿ ಮುಚ್ಚಳ ಬಿಚ್ಚಿ, ಪಕ್ಕದಲ್ಲಿ ಅದೇ ಕಾಲದ ಕೀ ಕೊಡುವ ಸಿಟಿಜನ್ ಇಟ್ಟು ನೋಡಿದರೆ ನಂಟು ಗೊತ್ತಾಗುತ್ತದೆ. ಎಚ್‌ಎಂಟಿ ಡಯಲ್ ಮೇಲೆ ಸಣ್ಣಗೆ ಕಾಣುವ ‘ಪ್ಯಾರಾ ಶಾಕ್’ ಕೂಡ ಸಿಟಿಜನ್‌ನದೇ ಏರ್ಪಾಟು. ಅತ್ತಿತ್ತ ಆಡುತ್ತ ವಾಚಿನ ಲಯ ಕಾಯುವ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ತುದಿಯನ್ನು ಹಿಡಿದಿರುವ ಕಲ್ಲಿನ ಮೇಲೆ ಪುಟ್ಟ ಸ್ಪ್ರಿಂಗ್ ಕೂತಿರುತ್ತದೆ. ವಾಚು ಕೈಜಾರಿ ಬಿದ್ದರೆ ಏಟನ್ನು ಅದು ತಾಳಿಕೊಳ್ಳುತ್ತದೆ. ಅಂಟಾದ ಹಳೆಯ ಎಣ್ಣೆ ತೊಳೆದು, ಹೊಸ ಹನಿ ಇಟ್ಟಾಗ ಆ ಚಕ್ರ ತಟ್ಟನೆ ಆಡಲು ತೊಡಗುತ್ತದೆ. ಸೆಕೆಂಡಿಗೆ ಐದು ಬಡಿತ. ಆ ಗಳಿಗೆಗಾಗಿಯೇ ನಾನು ಈ ಹವ್ಯಾಸಕ್ಕೆ ಅಂಟಿಕೊಂಡಿರುವುದು.

ಹಾಗೆಂದು ಜಪಾನಿನ ದಾರಿಯೇ ಮೇಲು ಎನ್ನಲಾರೆ. ಬಿಡಿಭಾಗ ಇಟ್ಟುಕೊಳ್ಳುವ ಅವಧಿ ಮುಗಿದಿದ್ದರೆ ಇಲ್ಲಿನ ತಯಾರಕರು ವಿನಯದಿಂದ ತಲೆಬಾಗಿ ವಾಚನ್ನು ಹಿಂದಿರುಗಿಸುತ್ತಾರೆ. ಹೊರಗಿನ ಕುಶಲಕರ್ಮಿಗೆ ಕೊಟ್ಟರೆ ರಿಪೇರಿಯ ಖರ್ಚು ವಾಚಿನ ಬೆಲೆಯನ್ನೇ ಮೀರುತ್ತದೆ. ಚಿಕ್ಕಪೇಟೆಯ ಸುತ್ತಮುತ್ತ ಗಾಜಿನ ಪೆಟ್ಟಿಗೆಯ ಹಿಂದೆ ಕೂತ ರಿಪೇರಿಯವರ ಬಾಯಲ್ಲಿ ‘ಆಗುವುದಿಲ್ಲ’ ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಕೆಟ್ಟ ಮೂರು ವಾಚು ಬಿಚ್ಚಿ ಓಡುವ ಒಂದನ್ನು ಕಟ್ಟಿ ಕೊಡುತ್ತಾರೆ. ಸಂಬಳದ ದುಡ್ಡಿನಲ್ಲಿ ಒಂದೇ ವಾಚು ಕೊಂಡು ನಿವೃತ್ತಿಯವರೆಗೂ ಕಟ್ಟಿದ ತಲೆಮಾರಿನ ವೇಳೆಯನ್ನು ಕಾಯ್ದವರು ಅವರು. ಆ ಕೈಚಳಕವನ್ನು ಕಲಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ಡಯಲ್ ಹಾಳಾಗುವುದಕ್ಕಿಂತ ದೊಡ್ಡ ನಷ್ಟ ಅದು.

ರಿಪೇರಿ ಮಾಡಿದವರು ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗುರುತೋ ತಾರೀಖೋ ಗೀರುವ ಪದ್ಧತಿ ಎರಡೂ ಕಡೆ ಇದೆ. ಮಾರುವವರು ಅದನ್ನೇ ಇನ್ನೊಂದಿಷ್ಟು ಬೆಳೆಸಲಿ. ಯಾವ ಭಾಗ ಯಾವ ವಾಚಿನದು, ಡಯಲ್ ಮೂಲದ್ದೋ ಅಲ್ಲವೋ ಎಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಡಲಿ, ಕನ್ನಡದಲ್ಲೇ ಸಾಕು. ಅಂಥ ಚೀಟಿಯಿರುವ ಗೀರುಬಿದ್ದ ‘ಜನತಾ’ಗೆ ಹೊಳೆಯುವ ವಾಚಿಗಿಂತ ಹೆಚ್ಚು ಬೆಲೆ ಕೊಡಲು ನಾನು ಸಿದ್ಧ, ನನ್ನಂಥ ಸಂಗ್ರಾಹಕರು ಇಲ್ಲಿ ಇನ್ನೂ ಹಲವರಿದ್ದಾರೆ.