ವಿಮಾ ಏಜೆಂಟರ ಕಮಿಷನ್‌ನಲ್ಲಿ ಗ್ರಾಹಕರಿಗೆ ಪಾಲಿದೆಯೇ?

‘ಏಜೆಂಟರ ಕಮಿಷನ್‌ನಲ್ಲಿ ಅರ್ಧ ಗ್ರಾಹಕರ ಹಕ್ಕು, ಕೇಳಿ ಪಡೆಯಿರಿ’ ಎಂಬ ಸಂದೇಶ ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ಕಲ್ಸಂಕದಲ್ಲಿ ಒಬ್ಬರು ಫೋನ್ ಹಿಡಿದೇ ಬಂದರು. ಆರೋಗ್ಯ ವಿಮೆ ಮಾರುವವನಾಗಿ ಹೇಳುತ್ತೇನೆ, ಅಂಥ ಹಕ್ಕು ಇಲ್ಲ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಕಮಿಷನ್ ಬಿಟ್ಟುಕೊಡುವುದೂ ತಪ್ಪು, ಪಡೆಯುವುದೂ ತಪ್ಪು. ದಂಡ 10 ಲಕ್ಷ ರೂಪಾಯಿವರೆಗೆ. ಕಂಪನಿಯೇ ತನ್ನ ಮಾಹಿತಿಪತ್ರದಲ್ಲಿ ಪ್ರಕಟಿಸಿದ ರಿಯಾಯಿತಿ ಬೇರೆ, ಅದನ್ನು ಧಾರಾಳವಾಗಿ ಕೇಳಿ.

ನಮಗೆ ಸಂಬಳವಿಲ್ಲ, ಪಾಲಿಸಿ ಆದರಷ್ಟೇ ಕಾಸು. ಆದರೂ ‘ಮೊದಲ ಕಂತಿನಲ್ಲಿ ಸ್ವಲ್ಪ ನಾನೇ ಹಾಕುತ್ತೇನೆ’ ಎನ್ನುವವರು ನಮ್ಮಲ್ಲೂ ಇದ್ದಾರೆ, ಸುಳ್ಳು ಹೇಳಲಾರೆ. ಅಂಥವರ ಹತ್ತಿರ ಆ ಹಣದ ಬದಲು ಇದನ್ನು ಕೇಳಿ: ಪಾಲಿಸಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ವಿಮೆ ಸಿಗಲು ಎಷ್ಟು ವರ್ಷ ಕಾಯಬೇಕು? 2024ರ ನಿಯಮದಂತೆ ಅದು 3 ವರ್ಷ ಮೀರುವಂತಿಲ್ಲ.